ಕಷಾಯ ಮೊದಲು, ವೈನ್ ಆಮೇಲೆ

ಪ್ರಶ್ನೆ: ನಾವು ವಿಜಯಪುರದ ಕಡೆಯವರು, ಈಗ ಪುಣೆಯ ಪಿಂಪಳೆ ಸೌದಾಗರದಲ್ಲಿ ನೆಲೆಸಿದ್ದೇವೆ. ಕಳೆದ ಡಿಸೆಂಬರಿನಲ್ಲಿ ಗೆಳೆಯರನ್ನು ಟೆರೇಸಿಗೆ ಕರೆದು ಬಿಸಿ ಮಸಾಲೆ ವೈನ್ ಮಾಡಲು ಹೊರಟೆ. ಎರಡು ಬಾಟಲಿ ಕೆಂಪು ವೈನ್, ಒಂದು ಚಮಚ ಗರಂ ಮಸಾಲೆ ಪುಡಿ, ಒಂದು ಹಿಡಿ ಲವಂಗ, ಬಿಲ್ಲೆ ಕತ್ತರಿಸಿದ ಕಿತ್ತಳೆ, ಸಕ್ಕರೆ ಎಲ್ಲವನ್ನೂ ಸೇರಿಸಿ ಅರ್ಧ ಗಂಟೆ ಕುದಿಸಿದೆ. ಬಾಯಿಗಿಡಲಾಗದಷ್ಟು ಕಹಿಯಾಯಿತು. ಈ ಸಲ ಹನ್ನೆರಡು ಜನ ಬರುವವರಿದ್ದಾರೆ. ಎಲ್ಲಿ ತಪ್ಪಿತು? ರಮ್ ಅಥವಾ ಗೋವಾದ ಫೆನಿಯಲ್ಲೂ ಹೀಗೆ ಮಾಡಬಹುದೇ? ನಮ್ಮ ಅತ್ತೆಯವರು ಮದ್ಯ ಮುಟ್ಟುವುದಿಲ್ಲ. ಚೆನ್ನಾಗಿ ಕುದಿಸಿದರೆ ಮದ್ಯಾಂಶವೆಲ್ಲ ಹಾರಿಹೋಗುತ್ತದೆ, ಅವರಿಗೂ ಕೊಡಬಹುದು ಎಂದು ಒಬ್ಬರು ಹೇಳಿದರು. ಹೌದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ರುಚಿಯ ಮಾತಲ್ಲ. ಅತ್ತೆಯವರಿಗೆ ಅದನ್ನು ಕೊಡಬೇಡಿ. ಕುದಿಸಿದರೆ ಮದ್ಯಾಂಶ ಪೂರ್ತಿ ಹೋಗುತ್ತದೆ ಎಂಬುದು ಅಡುಗೆಮನೆಗಳಲ್ಲಿ ಗಟ್ಟಿಯಾಗಿ ಬೇರೂರಿರುವ ತಪ್ಪು ನಂಬಿಕೆ. ಅಮೆರಿಕದ ಕೃಷಿ ಇಲಾಖೆ ಇದಕ್ಕೊಂದು ಕೋಷ್ಟಕವನ್ನೇ ಕೊಟ್ಟಿದೆ. ಅದರ ಪ್ರಕಾರ ಪದಾರ್ಥದೊಳಗೆ ಬೆರೆತ ಮದ್ಯಾಂಶದಲ್ಲಿ ಹದಿನೈದು ನಿಮಿಷ ಕುದಿಸಿದ ಮೇಲೂ ಶೇ. 40ರಷ್ಟು, ಅರ್ಧ ಗಂಟೆಯ ಬಳಿಕ ಶೇ. 35ರಷ್ಟು, ಎರಡೂವರೆ ಗಂಟೆಯ ಬಳಿಕವೂ ಶೇ. 5ರಷ್ಟು ಉಳಿಯುತ್ತದೆ. ಕುದಿಯುವ ದ್ರವಕ್ಕೆ ಮದ್ಯ ಸುರಿದು ಆ ಕೂಡಲೇ ಇಳಿಸಿದರಂತೂ ಶೇ. 85ರಷ್ಟು ಹಾಗೆಯೇ ಇರುತ್ತದೆ. ಪಾತ್ರೆಯ ಅಗಲ, ಉರಿಯ ಜೋರಿನ ಮೇಲೆ ಲೆಕ್ಕ ಹಿಂದುಮುಂದಾಗಬಹುದು. ಹೇಗೇ ನೋಡಿದರೂ ಕಳೆದ ವರ್ಷದ ನಿಮ್ಮ ಪಾತ್ರೆಯಿಂದ ಪರಿಮಳವೆಲ್ಲ ಹಾರಿಹೋಗಿತ್ತು, ಮದ್ಯ ಮಾತ್ರ ತಕ್ಕಮಟ್ಟಿಗೆ ಉಳಿದುಕೊಂಡಿತ್ತು. ವ್ರತದವರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ, ಗಾಡಿ ಓಡಿಸುವವರಿಗೆ ‘ಕುದಿಸಿದ್ದೇವಲ್ಲ’ ಎಂಬ ಸಮಾಧಾನ ಸಲ್ಲದು. ಅವರಿಗೆ ಬೇರೆಯೇ ಪಾನೀಯ ಮಾಡಿ. ಅದನ್ನು ಮುಂದೆ ಹೇಳುತ್ತೇನೆ.

ಇನ್ನು ಕಹಿ. ನಿಮ್ಮ ಪಾತ್ರೆಯಲ್ಲಿ ಅದು ಮೂರು ಕಡೆಯಿಂದ ಬಂದಿದೆ. ಒಂದು, ಕಿತ್ತಳೆಯ ಸಿಪ್ಪೆಯ ಒಳಗಿನ ಬಿಳಿ ಪದರ ಮತ್ತು ಬೀಜ. ಅರ್ಧ ಗಂಟೆ ಬಿಸಿಯಲ್ಲಿ ಬಿದ್ದರೆ ಅವೆರಡೂ ತಮ್ಮ ಕಹಿಯನ್ನೆಲ್ಲ ಬಿಟ್ಟುಕೊಡುತ್ತವೆ. ಎರಡು, ಲವಂಗ. ಅದರ ಎಣ್ಣೆಯ ಮುಖ್ಯ ಅಂಶ ಯೂಜಿನಾಲ್, ಹಲ್ಲುನೋವಿಗೆ ಲವಂಗದೆಣ್ಣೆ ಹಚ್ಚಿದಾಗ ನಾಲಿಗೆ ಜೋಮು ಹಿಡಿಸುತ್ತದಲ್ಲ, ಅದೇ. ಅದು ನೀರಿಗಿಂತ ಮದ್ಯದಲ್ಲಿ ಬಹಳ ಸಲೀಸಾಗಿ ಕರಗುತ್ತದೆ. ಹೀಗಾಗಿ ವೈನಿನಲ್ಲಿ ನೇರವಾಗಿ ಕುದಿಸಿದ ಒಂದು ಹಿಡಿ ಲವಂಗ ಉಳಿದ ಮಸಾಲೆಗಳ ಸದ್ದಡಗಿಸಿಬಿಡುತ್ತದೆ. ಮೂರು, ಪುಡಿ. ಅಂಗಡಿಯ ಗರಂ ಮಸಾಲೆಯಲ್ಲಿ ಕೊತ್ತಂಬರಿ, ಜೀರಿಗೆ ಇರುತ್ತವೆ, ಕೆಲವದರಲ್ಲಿ ಮೆಣಸಿನಕಾಯಿಯೂ ಇರುತ್ತದೆ. ಪುಡಿಯನ್ನು ಎಷ್ಟು ಸೋಸಿದರೂ ತಳದಲ್ಲಿ ಕೆಸರು ನಿಲ್ಲುತ್ತದೆ. ಪುಣೆಯಲ್ಲಿರುವುದರಿಂದ ಇನ್ನೊಂದು ಎಚ್ಚರಿಕೆ ಹೇಳಬೇಕು: ಗೋಡಾ ಮಸಾಲೆಯ ಕಡೆಗಂತೂ ಕೈ ಹಾಕಬೇಡಿ. ಅದರಲ್ಲಿ ಎಳ್ಳು, ಒಣಕೊಬ್ಬರಿ ಇರುತ್ತವೆ. ವೈನಿನ ಮೇಲೆ ಎಣ್ಣೆಯ ಚುಕ್ಕೆಗಳು ತೇಲುತ್ತ ಬಂದು ತುಟಿಗೆ ಅಂಟಿಕೊಳ್ಳುತ್ತವೆ.

ಇದಕ್ಕೆಲ್ಲ ಪರಿಹಾರ ಒಂದೇ, ಅದು ನಿಮಗೆ ಗೊತ್ತಿರುವುದೇ. ನೆಗಡಿಯಾದಾಗ ನಮ್ಮ ಮನೆಗಳಲ್ಲಿ ಕೊತ್ತಂಬರಿ, ಜೀರಿಗೆ, ಮೆಣಸನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ, ಬೆಲ್ಲ ಹಾಕಿ, ಹಾಲನ್ನು ಕೊನೆಗೆ ಬೆರೆಸುತ್ತಾರೆ. ಆ ಹಾಲಿನ ಜಾಗದಲ್ಲಿ ವೈನನ್ನು ಇಟ್ಟುಕೊಳ್ಳಿ. ಮಸಾಲೆಗೆ ಕುದಿ ಬೇಕು, ವೈನಿಗೆ ಕುದಿ ಆಗದು. ಎರಡನ್ನೂ ಒಂದೇ ಪಾತ್ರೆಗೆ ಒಂದೇ ಹೊತ್ತಿಗೆ ಹಾಕಿದಾಗ ಒಂದು ಕೆಡಲೇಬೇಕು, ಸಾಮಾನ್ಯವಾಗಿ ಕೆಡುವುದು ವೈನ್.

ಹನ್ನೆರಡು ಜನರಿಗೆ ನಿಮ್ಮ ಎರಡು ಬಾಟಲಿ, ಅಂದರೆ ಒಂದೂವರೆ ಲೀಟರ್, ಸರಿಯಾದ ಲೆಕ್ಕ. ಮೊದಲು ಕಷಾಯ. 600 ಮಿಲಿ ನೀರಿಗೆ ಬೆರಳುದ್ದದ ಎರಡು ಚಕ್ಕೆ, ಆರೇ ಆರು ಲವಂಗ, ಒಂದು ಚಕ್ರಮೊಗ್ಗು, ಒರಟಾಗಿ ಜಜ್ಜಿದ ಎಂಟು ಹತ್ತು ಕಾಳುಮೆಣಸು, ಹೆಬ್ಬೆರಳಿನ ಗಾತ್ರದ ಶುಂಠಿಯನ್ನು ತೆಳುವಾಗಿ ಹೆಚ್ಚಿದ್ದು, 150 ಗ್ರಾಂ ಸಕ್ಕರೆ. ಮುಚ್ಚಳವನ್ನು ಓರೆಯಾಗಿಟ್ಟು ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕುದಿಸಿ. ಒಲೆ ಆರಿಸಿದ ಮೇಲೆ ಬಿರಿದ ಮೂರು ಏಲಕ್ಕಿ ಹಾಕಿ, ಎರಡು ಕಿತ್ತಳೆಯ ಹೊರಸಿಪ್ಪೆಯನ್ನು ತುರಿದು ಉದುರಿಸಿ, ಪೂರ್ತಿ ಮುಚ್ಚಿ ಹತ್ತು ನಿಮಿಷ ಬಿಡಿ. ಏಲಕ್ಕಿ ಮತ್ತು ಸಿಪ್ಪೆಯ ಪರಿಮಳ ಬಹಳ ಚಂಚಲ. ಕುದಿಗೆ ಹಾಕಿದರೆ ಮನೆಯೆಲ್ಲ ಘಮಘಮಿಸುತ್ತದೆ, ಲೋಟದಲ್ಲಿ ಏನೂ ಉಳಿಯುವುದಿಲ್ಲ. ಬಳಿಕ ಬಟ್ಟೆಯಲ್ಲಿ ಸೋಸಿಕೊಳ್ಳಿ. ಸುಮಾರು ಅರ್ಧ ಲೀಟರ್ ಸಿಗುತ್ತದೆ. ಇದನ್ನು ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಟ್ಟರೂ ನಡೆಯುತ್ತದೆ. ಹಾಗೆ ಮಾಡುವುದೇ ಲೇಸು, ಜನ ಬಂದ ಮೇಲೆ ಅಡುಗೆಮನೆಯಲ್ಲಿ ನಿಲ್ಲುವ ಕೆಲಸ ಉಳಿಯುವುದಿಲ್ಲ.

ಚಕ್ಕೆಯ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ರವಿವಾರ ಪೇಠೆಯಲ್ಲಾಗಲಿ ನಿಮ್ಮ ಮನೆಯ ಹತ್ತಿರದ ಕಿರಾಣಿ ಅಂಗಡಿಯಲ್ಲಾಗಲಿ ದಾಲ್ಚಿನ್ನಿ ಎಂದು ಕೇಳಿದರೆ ಹೆಚ್ಚಾಗಿ ಸಿಗುವುದು ಕ್ಯಾಸಿಯಾ. ದಪ್ಪ, ಗಡುಸು, ಒಂದೇ ಪದರ, ಮುರಿದರೆ ಕಟ್ಟಿಗೆಯ ಹಾಗೆ ಟಕ್ಕೆನ್ನುತ್ತದೆ. ಶ್ರೀಲಂಕಾದ ಅಸಲು ದಾಲ್ಚಿನ್ನಿ ತಿಳಿ ಕಂದು ಬಣ್ಣದ್ದು, ಕಾಗದದಷ್ಟು ತೆಳುವಾದ ಹಲವು ಪದರಗಳು ಒಂದರೊಳಗೊಂದು ಸುರುಳಿಯಾಗಿರುತ್ತವೆ, ಬೆರಳಲ್ಲೇ ಪುಡಿಯಾಗುತ್ತದೆ. ಕ್ಯಾಸಿಯಾ ಖಾರ, ಶ್ರೀಲಂಕಾದ್ದು ನವಿರು. ಬಿಸಿ ವೈನಿಗೆ ನನ್ನ ಮತ ಕ್ಯಾಸಿಯಾಕ್ಕೇ, ಕೆಂಪು ವೈನಿನ ಒಗರಿನೆದುರು ನವಿರಾದದ್ದು ಕಳೆದುಹೋಗುತ್ತದೆ. ಆದರೆ ಅದನ್ನು ಗಂಟೆಗಟ್ಟಲೆ ಕುದಿಸಬೇಡಿ, ಲೋಳೆ ಬಿಡುತ್ತದೆ. ಅಸಲು ದಾಲ್ಚಿನ್ನಿ ನಿಮ್ಮಲ್ಲಿದ್ದರೆ ಅದನ್ನು ರಮ್ಮಿಗೆ ಎತ್ತಿಡಿ.

ಕಿತ್ತಳೆ ನಾಗಪುರದ್ದು. ಡಿಸೆಂಬರಿನಲ್ಲಿ ಅಂಬಿಯಾ ಬಹಾರದ, ಅಂದರೆ ಚಳಿಗಾಲದ ಕೊನೆಗೆ ಹೂಬಿಟ್ಟ ಫಸಲಿನ ಹಣ್ಣು ಮಹಾತ್ಮ ಫುಲೆ ಮಂಡಯಿ ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುತ್ತದೆ. ಅದರ ಸಿಪ್ಪೆ ಸಡಿಲ, ಆದ್ದರಿಂದ ಸಿಪ್ಪೆ ಸುಲಿಯುವ ಮೊದಲೇ, ಹಣ್ಣು ಇಡಿಯಾಗಿರುವಾಗಲೇ ತುರಿಮಣೆಯ ಸಣ್ಣ ಕಣ್ಣಿನ ಮೇಲೆ ಹಗುರಾಗಿ ಆಡಿಸಬೇಕು. ಬಿಳಿ ಕಂಡ ತಕ್ಷಣ ಕೈ ತೆಗೆಯಿರಿ. ಹೊಳೆಯುವ ಹಣ್ಣಾದರೆ ಮೇಣ ಸವರಿರುತ್ತಾರೆ, ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆದುಕೊಳ್ಳಿ. ಚಂದಕ್ಕೆ ಬಿಲ್ಲೆ ಬೇಕೇ ಬೇಕು ಎನ್ನುವವರು ಬಡಿಸುವಾಗ ಲೋಟಕ್ಕೆ ಒಂದೊಂದು ಹಾಕಲಿ, ಪಾತ್ರೆಗೆ ಬೇಡ.

ವೈನಿಗೆ ದುಬಾರಿಯದು ಬೇಡ, ಕೆಟ್ಟದ್ದೂ ಬೇಡ. ನಾಸಿಕದ ಸುತ್ತಮುತ್ತಲಿನ ಶಿರಾಜ್ ಅಥವಾ ಜಿನ್‌ಫಾಂಡೆಲ್, ಹೊಸದು, ಓಕ್ ಪೀಪಾಯಿಯಲ್ಲಿ ಇಡದ್ದು, ಮಧ್ಯಮ ಬೆಲೆಯದು ಸಾಕು. ಪೀಪಾಯಿಯಲ್ಲಿ ಬೆಳೆದ ವೈನನ್ನು ಬಿಸಿ ಮಾಡಿದರೆ ಅದರ ಒಗರು ಎದ್ದು ನಿಲ್ಲುತ್ತದೆ, ಕೊಟ್ಟ ಹಣವೂ ದಂಡ. ಗೋವಾದ ಸಿಹಿ ಪೋರ್ಟ್ ವೈನ್ ಇದ್ದರೆ ಅದನ್ನೂ ಬಳಸಬಹುದು, ಆದರೆ ಕಷಾಯದಲ್ಲಿ ಸಕ್ಕರೆಯನ್ನು ಪೂರ್ತಿ ಬಿಟ್ಟು ಕೊನೆಗೆ ಒಂದು ನಿಂಬೆಹಣ್ಣು ಹಿಂಡಿ. ಬೆಲ್ಲ ಹಾಕಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವೈನಿಗೆ ಸಕ್ಕರೆ, ರಮ್ಮಿಗೆ ಬೆಲ್ಲ. ವೈನಿನಲ್ಲಿ ಬೆಲ್ಲದ ಮಣ್ಣಿನ ವಾಸನೆ ದ್ರಾಕ್ಷಿಯನ್ನು ಮುಚ್ಚಿಹಾಕುತ್ತದೆ.

ಈಗ ಬಿಸಿ ಮಾಡುವುದು. ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಪುಣೆಯ ತಾಮ್ರಗಾರರ ಓಣಿಯಾದ ತಾಂಬಟ್ ಆಳಿಯ ತಾಮ್ರದ ಹಂಡೆ ಟೆರೇಸಿನ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ವೈನ್ ಹುಳಿ ಪದಾರ್ಥ. ಕಲಾಯಿ ಇಲ್ಲದ ತಾಮ್ರ ಹಿತ್ತಾಳೆ, ಬರಿ ಅಲ್ಯೂಮಿನಿಯಂ ಎರಡೂ ಕೂಡದು. ಸೋಸಿದ ಕಷಾಯವನ್ನು ಬಿಸಿ ಮಾಡಿ, ಉರಿ ಪೂರ್ತಿ ತಗ್ಗಿಸಿ ವೈನ್ ಸುರಿಯಿರಿ. ಶುದ್ಧ ಮದ್ಯಾಂಶ ಕುದಿಯುವುದು 78 ಡಿಗ್ರಿಯಲ್ಲಿ. ವೈನ್ ಕುದಿಯಬೇಕಾದರೆ 90 ದಾಟಬೇಕು, ಆದರೆ ಪರಿಮಳ ಅದಕ್ಕೂ ಬಹಳ ಮುಂಚೆಯೇ ಹೊರಟುಹೋಗುತ್ತದೆ. ನಿಮ್ಮ ಗುರಿ 65ರಿಂದ 70 ಡಿಗ್ರಿ. ಅಡುಗೆಯ ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯನ್ನೇ ನೋಡುತ್ತಿರಿ. ಮೇಲಿನಿಂದ ಆವಿ ನಿಧಾನವಾಗಿ ಸುತ್ತತೊಡಗುತ್ತದೆ, ತಳದಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿ ಕೂತಿರುತ್ತವೆ. ಆಗ ಇಳಿಸಬೇಕು. ಆ ಗುಳ್ಳೆಗಳು ತಳ ಬಿಟ್ಟು ಮೇಲೇರಿದರೆ ಹೊತ್ತು ಮೀರಿತು ಎಂದರ್ಥ. ಕೊನೆಗೆ ಎರಡು ಚಿಟಿಕೆ ಜಾಯಿಕಾಯಿ ತುರಿದರೆ ಮುಗಿಯಿತು.

ಟೆರೇಸಿನ ಮೇಲೆ ಎರಡು ಗಂಟೆ ಬಿಸಿಯಾಗಿಡುವುದು ಹೇಗೆ ಎಂಬುದು ನಿಮ್ಮ ಮುಂದಿನ ತಲೆನೋವು. ಪುಣೆಯ ಡಿಸೆಂಬರ್ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು, ತೆರೆದ ಪಾತ್ರೆ ಬೇಗನೆ ತಣ್ಣಗಾಗುತ್ತದೆ. ಗ್ಯಾಸ್ ಒಲೆಯನ್ನು ಮೇಲಕ್ಕೆ ಹೊತ್ತೊಯ್ಯಬೇಡಿ. ಎಲೆಕ್ಟ್ರಿಕ್ ರೈಸ್ ಕುಕ್ಕರಿನಲ್ಲಿ ಅನ್ನವನ್ನು ಬಿಸಿಯಾಗಿಡುವ ಗುಂಡಿ ಇರುತ್ತದಲ್ಲ, ಅದರ ಬಿಸಿ ಹೆಚ್ಚುಕಡಿಮೆ ನಮಗೆ ಬೇಕಾದಷ್ಟೇ. ಅದೂ ಬೇಡವೆಂದರೆ ಎರಡು ಲೀಟರಿನ ಸ್ಟೀಲ್ ಫ್ಲಾಸ್ಕಿಗೆ ಮೊದಲು ಕುದಿನೀರು ಹಾಕಿ ಚೆಲ್ಲಿ, ಬಳಿಕ ವೈನ್ ತುಂಬಿ. ಲೋಟ ಗಾಜಿನದಾಗಲಿ, ಪಿಂಗಾಣಿಯದಾಗಲಿ. ಸ್ಟೀಲ್ ಲೋಟ ತುಟಿ ಸುಡುತ್ತದೆ. 150 ಮಿಲಿಯಂತೆ ಬಡಿಸಿದರೆ ಹದಿಮೂರು ಲೋಟ ಆಗುತ್ತದೆ. ಕಷಾಯ ಬೆರೆತ ಮೇಲೆ ಮದ್ಯಾಂಶ ಶೇ. 10ಕ್ಕೆ ಸ್ವಲ್ಪ ಕಡಿಮೆ, ಅಂದರೆ ಒಂದು ಲೋಟದಲ್ಲಿ 30 ಮಿಲಿ ರಮ್ಮಿಗಿಂತ ತುಸು ಹೆಚ್ಚೇ. ಸಿಹಿಯಾಗಿ ಬೆಚ್ಚಗಿರುವುದರಿಂದ ಅದು ಗೊತ್ತಾಗುವುದಿಲ್ಲ, ಎರಡು ಲೋಟ ಇಳಿಸಿದ ಮೇಲೆ ಗೊತ್ತಾಗುತ್ತದೆ. 65 ಡಿಗ್ರಿಗಿಂತ ಬಿಸಿಯಾದ ಯಾವ ಪಾನೀಯವೂ ಅನ್ನನಾಳಕ್ಕೆ ಒಳ್ಳೆಯದಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲೇ ಎಚ್ಚರಿಸಿದೆ, ಆದ್ದರಿಂದ ಲೋಟಕ್ಕೆ ಬಗ್ಗಿಸಿ ಒಂದೆರಡು ನಿಮಿಷ ಬಿಟ್ಟು ಕೊಡಿ.

ರಮ್ಮಿನ ವಿಚಾರ ಇದಕ್ಕಿಂತ ಸುಲಭ. ನಿಜ ಹೇಳಬೇಕೆಂದರೆ ನಮ್ಮ ನಾಲಿಗೆಗೆ ಒಗ್ಗುವುದೂ ಅದೇ. ಇಲ್ಲಿ ಪಾತ್ರೆಗೆ ಮದ್ಯ ಹಾಕುವ ಪ್ರಶ್ನೆಯೇ ಇಲ್ಲ. ಕಷಾಯ ಬಿಸಿಯಾಗಿರಲಿ, ರಮ್ ಬಾಟಲಿಯಲ್ಲೇ ಇರಲಿ, ಎರಡೂ ಲೋಟದಲ್ಲಿ ಕೂಡಲಿ. ಕಾರಣ ರುಚಿಯದ್ದಷ್ಟೇ ಅಲ್ಲ. ಶೇ. 40ರ ಮದ್ಯದ ಆವಿ ಸುಮಾರು 26 ಡಿಗ್ರಿಯಲ್ಲೇ ಕಿಡಿ ಸಿಕ್ಕರೆ ಹೊತ್ತಿಕೊಳ್ಳಬಲ್ಲದು. ಉರಿಯುವ ಗ್ಯಾಸಿನ ಮೇಲಿನ ಬಿಸಿ ಪಾತ್ರೆಗೆ ಬಾಟಲಿ ಬಗ್ಗಿಸುವುದು ಹುಬ್ಬು ಸುಟ್ಟುಕೊಳ್ಳುವ ದಾರಿ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನದನ್ನೂ.

ಲೋಟಕ್ಕೆ 30 ಮಿಲಿ ಕಪ್ಪು ರಮ್, ಮೇಲೆ 120 ಮಿಲಿ ಬಿಸಿ ಕಷಾಯ. 1954ರಿಂದ ಬರುತ್ತಿರುವ ಓಲ್ಡ್ ಮಂಕಿನ ವೆನಿಲ್ಲಾ ವಾಸನೆ ಬೆಲ್ಲದೊಂದಿಗೆ ಚೆನ್ನಾಗಿ ಕೂಡುತ್ತದೆ. ಹನ್ನೆರಡು ಜನರಿಗಾದರೆ ಒಂದೂವರೆ ಲೀಟರ್ ನೀರು, 120 ಗ್ರಾಂ ಕೊಲ್ಹಾಪುರದ ಬೆಲ್ಲ, ಎರಡು ಇಂಚು ಶುಂಠಿ, ಒಂದು ಚಕ್ಕೆ, ಹನ್ನೆರಡು ಕಾಳುಮೆಣಸು, ಹುರಿದು ಜಜ್ಜಿದ ಎರಡು ಚಮಚ ಕೊತ್ತಂಬರಿ ಬೀಜ. ಹೌದು, ಕೊತ್ತಂಬರಿ. ವೈನಿನಲ್ಲಿ ಬೇಡವೆಂದ ನಾನೇ ರಮ್ಮಿಗೆ ಬೇಕೆನ್ನುತ್ತಿದ್ದೇನೆ. ಅದರಲ್ಲಿ ಕಿತ್ತಳೆ ಸಿಪ್ಪೆಯನ್ನು ನೆನಪಿಸುವ ಒಂದು ಕಂಪಿದೆ, ಪುಡಿ ಮಾಡದೆ ಬೀಜವಾಗಿಯೇ ಕುದಿಸಿದರೆ ಅದು ಮೇಲಕ್ಕೆ ಬರುತ್ತದೆ. ಲೋಟಕ್ಕೆ ಕೆಲವು ಹನಿ ನಿಂಬೆ. ಬೇಕಾದವರು ಕಡಲೆಕಾಳಿನಷ್ಟು ಉಪ್ಪಿಲ್ಲದ ಬೆಣ್ಣೆಯನ್ನೂ ತೇಲಿಬಿಡಬಹುದು, ಆಗ ನಿಂಬೆ ಬೇಡ. ಬ್ರಾಂಡಿಯ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ನಮ್ಮ ಅಗ್ಗದ ಬ್ರಾಂಡಿಗಳಲ್ಲಿ ಬಹುಪಾಲಿಗೆ ಕಾಕಂಬಿಯ ಸ್ಪಿರಿಟ್ಟೇ ಆಧಾರ. ಬಿಸಿ ತಗುಲಿದಾಗ ಹೊರಗಿನಿಂದ ಸೇರಿಸಿದ ಸುವಾಸನೆ ಮೂಗಿಗೆ ಬಡಿಯುತ್ತದೆ.

ಫೆನಿಯನ್ನು ಬಿಸಿಯಾಗಿ ಕುಡಿಯುವುದು ಗೋವಾದಲ್ಲಿ ಹೊಸದೇನಲ್ಲ, ನೆಗಡಿ ಕೆಮ್ಮಿಗೆ ಅಲ್ಲಿಯ ಹಳಬರ ಮೊದಲ ಮದ್ದೇ ಅದು. ಗೇರುಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು, 2016ರಲ್ಲಿ ಗೋವಾ ಸರ್ಕಾರ ಅದನ್ನು ರಾಜ್ಯದ ಪಾರಂಪರಿಕ ಪಾನೀಯ ಎಂದು ಘೋಷಿಸಿತು. ಮಾನ ಸಿಕ್ಕಿದರೂ ವಾಸನೆ ಬದಲಾಗಿಲ್ಲ. ಬಿಸಿ ನೀರು ತಗುಲಿದ ಕೂಡಲೇ ಅದು ಕೋಣೆಯನ್ನೆಲ್ಲ ಆವರಿಸುತ್ತದೆ, ಅಭ್ಯಾಸವಿಲ್ಲದವರು ಹಿಂದೆ ಸರಿಯುತ್ತಾರೆ. ಚಕ್ಕೆ ಲವಂಗಗಳಿಗೆ ಅದು ಬಗ್ಗುವುದೂ ಇಲ್ಲ. ಹುಳಿಯೇ ಬೇಕು. ಕೋಕಂ (ಪುನರ್ಪುಳಿ), ಬೆಲ್ಲ, ಮೆಣಸಿನ ಬಿಸಿ ಕಷಾಯಕ್ಕೆ 25 ಮಿಲಿ ಫೆನಿ ಸಾಕು. ನಿಮ್ಮ ಗುಂಪಿನಲ್ಲಿ ಇಬ್ಬರೋ ಮೂವರೋ ಕೇಳಿ ಕುಡಿದಾರು, ಎಲ್ಲರಿಗೂ ಬಡಿಸಲು ಹೋಗಬೇಡಿ. ಗೋವಾದಿಂದ ಬಾಟಲಿ ತರುವ ಯೋಚನೆಯಿದ್ದರೆ ಪರವಾನಗಿ ಮಾಡಿಸಿಕೊಂಡೇ ತನ್ನಿ, ವರ್ಷಾಂತ್ಯದಲ್ಲಿ ಗಡಿಯಲ್ಲಿ ಅಬಕಾರಿ ತಪಾಸಣೆ ಬಿಗಿಯಾಗಿರುತ್ತದೆ.

ಅಂದ ಹಾಗೆ ಇದೆಲ್ಲ ಯುರೋಪಿನಿಂದಲೇ ಬರಬೇಕಾಗಿಲ್ಲ. ಮುಂಬಯಿ, ವಸಯಿ ಕಡೆಯ ‘ಈಸ್ಟ್ ಇಂಡಿಯನ್’ ಎಂದೇ ಕರೆಯುವ ಸ್ಥಳೀಯ ಕ್ರೈಸ್ತ ಸಮುದಾಯದ ಮನೆಗಳಲ್ಲಿ ಮದುವೆಗೆ, ಮಗುವಿನ ದೀಕ್ಷಾಸ್ನಾನಕ್ಕೆ ಖಿಮಾಡ್ ಎಂಬ ಬಿಸಿ ಪಾನೀಯ ಮಾಡುತ್ತಾರೆ. ನಾಡಮದ್ಯ, ಸಕ್ಕರೆ, ಮಸಾಲೆಗಳ ಕಷಾಯ, ಸಣ್ಣ ಸಣ್ಣ ಲೋಟಗಳಲ್ಲಿ. ನಿಮ್ಮ ಗೆಳೆಯರಲ್ಲಿ ಆ ಸಮುದಾಯದವರಿದ್ದರೆ ಅವರ ಮನೆಯ ಹಿರಿಯರನ್ನು ಕೇಳಿ. ಅಂಥ ಒಂದು ಕೈಯಳತೆ ನನ್ನ ಗ್ರಾಂ ಮಿಲಿಗಳಿಗಿಂತ ಮೇಲು.

ಇನ್ನು ಅತ್ತೆಯವರ ಲೋಟ. ಒಂದು ಲೀಟರ್ ನೀರಿಗೆ ಹತ್ತು ಹನ್ನೆರಡು ಒಣ ಕೋಕಂ ಸಿಪ್ಪೆ, 80 ಗ್ರಾಂ ಬೆಲ್ಲ, ಶುಂಠಿ, ಮೆಣಸು, ಎರಡು ಏಲಕ್ಕಿ, ಚಿಟಿಕೆ ಉಪ್ಪು. ಕೋಕಮ್ಮನ್ನು ಮಾತ್ರ ಹೆಚ್ಚು ಕುದಿಸದೆ ಬಿಸಿ ನೀರಿನಲ್ಲಿ ನೆನೆಸಿಡಿ, ಇಲ್ಲವಾದರೆ ಒಗರು ಬಿಡುತ್ತದೆ. ಇಲ್ಲೊಂದು ಅಪಾಯ ಇದೆ. ಇದರ ಬಣ್ಣವೂ ವೈನಿನದೂ ಒಂದೇ ಕೆಂಪು. ಟೆರೇಸಿನ ಮಂದ ಬೆಳಕಿನಲ್ಲಿ ಎರಡು ಲೋಟ ಅಕ್ಕಪಕ್ಕ ಇಟ್ಟರೆ ಮಾಡಿದವರಿಗೂ ಗುರುತು ಸಿಗದು. ಡಿಸೆಂಬರ್ ಕೊನೆಯೆಂದರೆ ಧನುರ್ಮಾಸ, ಅತ್ತೆಯವರು ವ್ರತದಲ್ಲಿರಲೂಬಹುದು. ಆದ್ದರಿಂದ ಪಾತ್ರೆ, ಸೌಟು, ಲೋಟ ಮೂರೂ ಬೇರೆ ಇರಲಿ. ವೈನ್ ಗಾಜಿನ ಲೋಟದಲ್ಲಿ, ಕೋಕಂ ಹಿಡಿಯಿರುವ ಪಿಂಗಾಣಿ ಕಪ್ಪಿನಲ್ಲಿ. ಬಡಿಸುವ ಕೆಲಸ ಕುಡಿಯದವರೊಬ್ಬರ ಕೈಯಲ್ಲಿರಲಿ.

ನೆಗಡಿಯಾದ ಮಗುವಿಗೆ ಒಂದು ಚಮಚ ಬ್ರಾಂಡಿ ಎನ್ನುವ ಹಿರಿಯರು ಪ್ರತಿ ಕೂಟದಲ್ಲೂ ಒಬ್ಬರಿರುತ್ತಾರೆ. ನಗುತ್ತಲೇ ಬೇಡ ಎನ್ನಿ. ಮದ್ಯ ಮೈ ಬೆಚ್ಚಗೆ ಮಾಡುತ್ತದೆ ಎಂಬುದೂ ಅರ್ಧ ಸತ್ಯ. ಚರ್ಮದ ರಕ್ತನಾಳಗಳು ಹಿಗ್ಗಿ ಮೇಲ್ಮೈ ಬೆಚ್ಚಗೆನಿಸುತ್ತದೆ, ಒಳಗಿನ ಶಾಖ ಅದೇ ದಾರಿಯಲ್ಲಿ ಹೊರಗೆ ಹೋಗುತ್ತಿರುತ್ತದೆ. ತೆರೆದ ಟೆರೇಸಿನಲ್ಲಿ ಶಾಲು, ಸ್ವೆಟರ್ ತೆಗೆಯದಿರಲು ಹೇಳಿ. ಸಕ್ಕರೆ ಕಾಯಿಲೆಯ ಮಾತ್ರೆ, ನಿದ್ದೆ ತರಿಸುವ ನೆಗಡಿ ಮಾತ್ರೆ ತೆಗೆದುಕೊಂಡವರು ಕೋಕಂ ಪಾತ್ರೆಯ ಕಡೆ ಬರಲಿ. ಮಹಾರಾಷ್ಟ್ರದಲ್ಲಿ ರಮ್ಮಿಗೆ 25, ವೈನ್ ಬಿಯರಿಗೆ 21 ವಯಸ್ಸಾಗಿರಬೇಕು, ಕುಡಿಯಲು ಪರವಾನಗಿಯೂ ಬೇಕು. ಅದು ಮದ್ಯದಂಗಡಿಯಲ್ಲೇ ಒಂದು ದಿನದ ಮಟ್ಟಿಗೆ ಸಿಗುತ್ತದೆ. ಗಾಡಿ ಓಡಿಸುವವರಿಗೆ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಎಂಬುದು ಕಾನೂನಿನ ಗೆರೆ. ಅದನ್ನು ಲೋಟದಲ್ಲಿ ಅಳೆಯಲು ಹೋಗದೆ ಟ್ಯಾಕ್ಸಿ ಕರೆಸಿ.

ಜೊತೆಗೆ ತಿನ್ನಲು ಸಿಹಿ ಬೇಡ, ಪಾನೀಯವೇ ಸಿಹಿ. ನೀವು ವಿಜಯಪುರದವರು, ನಿಮಗೆ ಸೀತನಿಯ ಬಗ್ಗೆ ನಾನು ಹೇಳಬೇಕೇ? ಅದನ್ನೇ ಇಲ್ಲಿಯವರು ಹುರಡಾ ಎನ್ನುತ್ತಾರೆ, ಡಿಸೆಂಬರಿನಲ್ಲೇ ಬರತೊಡಗುತ್ತದೆ. ಬೆಂಕಿಯಲ್ಲಿ ಸುಟ್ಟು ಉದುರಿಸಿದ ಎಳೆ ಜೋಳ, ಪಕ್ಕದಲ್ಲಿ ಶೇಂಗಾ ಚಟ್ನಿ. ಬಿಸಿ ರಮ್ಮಿಗೆ ಇದಕ್ಕಿಂತ ಸರಿಯಾದ ಜೊತೆ ನನಗೆ ತಿಳಿದಿಲ್ಲ.

ಉಳಿದ ವೈನನ್ನು ಮರುದಿನ ಮತ್ತೆ ಬಿಸಿ ಮಾಡಿ ಕುಡಿಯಲು ಹೋಗಬೇಡಿ, ಚಪ್ಪೆಯಾಗಿರುತ್ತದೆ. ಅದಕ್ಕೆ ಇನ್ನಷ್ಟು ಸಕ್ಕರೆ ಸೇರಿಸಿ ಕಾಲುಭಾಗಕ್ಕೆ ಇಳಿಯುವವರೆಗೆ ಕುದಿಸಿ, ಈಗ ಕುದಿಸಲು ಅಡ್ಡಿಯಿಲ್ಲ. ಆ ಪಾಕವನ್ನು ಸೀಸೆಯಲ್ಲಿ ಫ್ರಿಜ್ಜಿಗಿಟ್ಟರೆ ವಾರದವರೆಗೆ ಮಹಾಬಳೇಶ್ವರದ ಸ್ಟ್ರಾಬೆರಿಯ ಮೇಲೆ ಸುರಿದುಕೊಂಡು ತಿನ್ನಬಹುದು. ಅದರಲ್ಲೂ ಮದ್ಯಾಂಶ ಒಂದಿಷ್ಟು ಉಳಿದಿರುತ್ತದೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ.